ಅಧಿಕೃತ ನೊಣ

ಕಚ್ಚುನೊಣ ನಿಯಂತ್ರಣ ಕಚೇರಿಯಲ್ಲಿ ದುಂಡು ಮುದ್ರೆ ಬೀಳದ ಯಾವ ವಸ್ತುವೂ ಅಸ್ತಿತ್ವದಲ್ಲಿರುವುದಿಲ್ಲ. ಕುರ್ಚಿ, ಕಸದ ಬುಟ್ಟಿ, ಸತ್ತ ನೊಣಗಳ ಪೊಟ್ಟಣ, ಎಲ್ಲಕ್ಕೂ ಮುದ್ರೆ ಉಂಟು.

ಅಲ್ಲಿನ ಪ್ರಯೋಗಾಲಯದಲ್ಲಿ ಒಂಬತ್ತು ವರ್ಷದಿಂದ ನೊಣ ಸಾಕುತ್ತಿದ್ದವಳನ್ನು ಎಲ್ಲರೂ ಹುಳದಕ್ಕ ಎನ್ನುತ್ತಿದ್ದರು. ಹೆಣ್ಣುನೊಣದ ಮೈವಾಸನೆಯನ್ನು ಅವಳು ಒಂದು ಶೀಶೆಗೆ ಇಳಿಸಿದ್ದಳು. ಅದನ್ನು ಉಣ್ಣೆಯ ಗಂಟಿಗೆ ಸವರಿದರೆ ಸಾಕು, ಗಂಡುನೊಣಗಳು ಪಕ್ಕದಲ್ಲಿದ್ದ ನಿಜವಾದ ಹೆಣ್ಣುಗಳನ್ನು ಕಣ್ಣೆತ್ತಿಯೂ ನೋಡದೆ ಗಂಟಿನ ಜೊತೆಗೇ ಸಂಸಾರ ಹೂಡುತ್ತಿದ್ದವು. ಆ ಸಂಸಾರದಲ್ಲಿ ಮಕ್ಕಳು ಮರಿ ಆಗುವಂತಿರಲಿಲ್ಲ. ಇಂಥ ಗಂಟುಗಳನ್ನು ಬೀದಿಬೀದಿಗೆ ಕಟ್ಟಬೇಕೆಂಬುದು ಅವಳ ಹಟ. ಅವಳ ತಂಗಿ ನೊಣಜ್ವರದಲ್ಲಿ ಎರಡು ಸಲ ಮಲಗಿ ಎದ್ದಿದ್ದಳು. ಮೂರನೆಯ ಸಲ ಬಂದರೆ, ಅಂದೇ ಆಸ್ಪತ್ರೆಗೆ ಸೇರಿಸದಿದ್ದರೆ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದರು.

ಶೀಶೆ ಮಂಜೂರಾತಿಗಾಗಿ ಮುದ್ರೆ ಗುಮಾಸ್ತರ ಮೇಜು ಸೇರಿತು. ಅದೇ ವಾರ ಅವರ ಮಸಿಪ್ಯಾಡು ಒಣಗಿತ್ತು. ಹೊಸ ಮಸಿ ಬೇಕೆಂಬ ಅರ್ಜಿಗೂ ಮುದ್ರೆ ಬೇಕಲ್ಲ, ಗುಮಾಸ್ತರು ಕೈಗೆ ಸಿಕ್ಕ ಶೀಶೆಯನ್ನೇ ಪ್ಯಾಡಿಗೆ ಸುರಿದು ಕೆಲಸ ಸಾಗಿಸಿದರು.

ಮಧ್ಯಾಹ್ನದೊಳಗೆ ಊರಿನ ಗಂಡುನೊಣಗಳೆಲ್ಲ ಕಡತಗಳ ಮೇಲಿದ್ದವು. ರಜೆ ಅರ್ಜಿಯ ಮೇಲೊಂದು, ಬಡ್ತಿ ಆದೇಶದ ಮೇಲೆ ನಾಲ್ಕು, ಲಜ್ಜೆಗೆಟ್ಟು ಮುದ್ರೆಯನ್ನು ಅಪ್ಪಿಕೊಂಡಿದ್ದವು. ಆ ಕಚೇರಿಯಲ್ಲಿ ಯಾರಾದರೂ ಅಷ್ಟು ಶ್ರದ್ಧೆಯಿಂದ ದುಡಿದದ್ದು ಅದೇ ಮೊದಲು. ಹಿರಿಯ ಸಾಹೇಬರು ಬಂದು ಕನ್ನಡಕ ಏರಿಸಿ ನೋಡಿದರು.

"ನೊಣಾನೂ ಮುದ್ರೆಗೆ ಮರ್ಯಾದೆ ಕೊಡುತ್ತೆ ಅಂತಾಯ್ತು," ಎಂದರು.

ಅದು ಮುದ್ರೆಯ ಮಹಿಮೆಯಲ್ಲ, ವಾಸನೆಯದು ಎಂದು ಹುಳದಕ್ಕ ಬಿಡಿಸಿ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಗಂಟಿನ ಯೋಜನೆ ರದ್ದಾಯಿತು, ನೊಣ ಸಾಕುವ ಕೋಣೆಗೆ ಬೀಗ ಬಿತ್ತು, ಮನೆಮನೆಯ ಬಾಗಿಲಿಗೂ ಮುದ್ರೆಯೊತ್ತಿದ ಕಾಗದ ಅಂಟಿಸುವ ಯೋಜನೆ ಬಂತು. ಮೊದಲ ನಾಲ್ಕು ಬೀದಿಗಳಲ್ಲಿ ಜ್ವರ ನಿಜಕ್ಕೂ ಇಳಿಯಿತು. ಸಾಹೇಬರ ಕೊರಳಿಗೆ ಹಾರ ಬಿತ್ತು. ಐದನೆಯ ಬೀದಿಗೆ ಬರುವಷ್ಟರಲ್ಲಿ ವಾಸನೆ ಮುಗಿದು ಮಾಮೂಲಿ ಮಸಿ ಬಂದಿತ್ತು. ತಂಗಿಯ ಮನೆ ಇದ್ದದ್ದು ಐದನೆಯ ಬೀದಿಯಲ್ಲಿ. ಅವಳ ಬಾಗಿಲಿನ ಕಾಗದವನ್ನು ಒಂದು ನೊಣವೂ ಮೂಸಲಿಲ್ಲ.

ಆ ಬೀದಿಯ ದೂರಿಗೆ ಉತ್ತರವಾಗಿ ಸುತ್ತೋಲೆ ಹೊರಟಿತು: "ಮುದ್ರೆಗೆ ಮಣಿಯದ ನೊಣಗಳನ್ನು ಅನಧಿಕೃತವೆಂದು ಪರಿಗಣಿಸತಕ್ಕದ್ದು. ಅಂಥವು ಕಚ್ಚಿ ಬಂದ ಜ್ವರಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ನೀಡತಕ್ಕದ್ದಲ್ಲ. ಕಚ್ಚಿದ ನೊಣದ ದರ್ಜೆಯನ್ನು ಪ್ರಯೋಗಾಲಯವು ದೃಢೀಕರಿಸತಕ್ಕದ್ದು."

ಮುಂದಿನ ವಾರ ತಂಗಿಗೆ ಮೂರನೆಯ ಜ್ವರ ಬಂತು. ಆಸ್ಪತ್ರೆಯ ಕಿಟಕಿಯಲ್ಲಿ ಕಚ್ಚಿದ ನೊಣದ ದರ್ಜೆ ತುಂಬುವ ನಮೂನೆ ಕೊಟ್ಟರು. ಹುಳದಕ್ಕನಿಗೆ ಸಿಟ್ಟು ನೆತ್ತಿಗೇರಿತು, ಹರಿದೆಸೆಯಬೇಕೆನಿಸಿತು. ಆದರೆ ತಂಗಿ ಬೆಂಚಿನ ಮೇಲೆ ಗಡಗಡ ನಡುಗುತ್ತಿದ್ದಳು. ಸದರಿ ನೊಣವನ್ನು ತಾನು ಖುದ್ದಾಗಿ ಬಲ್ಲೆನೆಂದೂ, ಮುದ್ರೆಯ ಬಗ್ಗೆ ಅದಕ್ಕೆ ಅಪಾರ ಗೌರವವಿದೆಯೆಂದೂ ಬರೆದು ಪ್ರಯೋಗಾಲಯದ ಪರವಾಗಿ ಸಹಿ ಹಾಕಿದಳು. ಕಿಟಕಿಯವನು ಓದಿ, ತಲೆದೂಗಿ, ಮುದ್ರೆ ಒತ್ತಿದ. ಹಾಸಿಗೆ ಸಿಕ್ಕಿತು, ಇಂಜೆಕ್ಷನ್ ಸಿಕ್ಕಿತು, ಸಂಜೆಗೆ ತಂಗಿ ಕಣ್ಣು ಬಿಟ್ಟು ನೀರು ಕೇಳಿದಳು.

ನೀರು ತರಲು ಹೊರಗೆ ಬಂದರೆ ಐದನೆಯ ಬೀದಿಯ ಅರ್ಧ ಜನ ನಮೂನೆ ಹಿಡಿದು ಸಾಲಾಗಿ ನಿಂತಿದ್ದರು. ಮುಂದಿದ್ದ ಮುದುಕ ಮೆಲ್ಲಗೆ ಕೇಳಿದ:

"ನಮ್ಮ ಮನೇಲಿ ಕಚ್ಚಿದ್ದೂ ನಿಮಗೆ ಪರಿಚಯದ್ದೇ ಇರಬೇಕಲ್ವಾ, ತಾಯಿ?"

ಹುಳದಕ್ಕ ಪೆನ್ನಿನ ಮುಚ್ಚಳ ತೆಗೆದಳು.

"ಚೆನ್ನಾಗಿ ಗೊತ್ತು ತಾತ. ಒಳ್ಳೆ ಮನೆತನದ ನೊಣ."