ನಮ್ಮ ಗಿರಣಿಗೆ ಅವರ ಬೋರ್ಡು

ಹಡಪಸರದಾಗ ನಮ್ಮದೊಂದು ಬಚತ್ ಗಟ ಅದ. ಹತ್ತು ಹೆಣ್ಣಮಕ್ಕಳ ಉಳಿತಾಯದ ಸಂಘ, ನಾನು ಕಾರ್ಯದರ್ಶಿ. ಹೆಣ್ಣಮಕ್ಕಳು ತಮ್ಮ ಕಾಲ ಮ್ಯಾಲ ನಿಲ್ಲಬೇಕು ಅಂತ ಎಲ್ಲಾರೂ ಭಾಷಣಾ ಮಾಡ್ತಾರ. ನಿಲ್ಲಾಕ ಹೋದ್ರ ಏನೇನು ನಡೀತದ ಅಂತ ನನ್ನ ಕೇಳ್ರಿ. ವಾರಕ್ಕೊಂದು ಇದ್ದದ್ದ.

೧. ಸಾಹೇಬರ ಪ್ರಶ್ನೆ

ನಮಗ ಹಿಟ್ಟಿನ ಗಿರಣಿ ಹಾಕೋದಿತ್ತು. ಸಾಲಾ ಕೇಳಾಕ ಹತ್ತೂ ಮಂದಿ ಬ್ಯಾಂಕಿಗೆ ಹೋದಿವಿ. ಸಾಹೇಬ್ರು ನಮ್ಮನ್ನ ಬಿಟ್ಟು ಬಾಗಲಾ ನೋಡಿ, ಮರಾಠಿ ಒಳಗ "ಬರೋಬರ ಕೋಣಿ ನಾಹಿ ಕಾ?" ಅಂದ್ರು. ಹತ್ತು ಮಂದಿ ಕಣ್ಣಮುಂದ ನಿಂತೀವಿ, ಜೋಡಿ ಯಾರೂ ಇಲ್ಲೇನು ಅಂತ ಕೇಳ್ತಾರ! ನಮ್ಮ ಅಧ್ಯಕ್ಷೆ, ವಿಜಯಪುರದ ಕಡಿಯಾಕಿ, ತಣ್ಣಗ ಹೇಳಿದ್ಳು: "ಹತ್ತು ಮಂದಿ ಸಾಲದೇನ್ರಿ? ಊರಿಂದ ನಮ್ಮ ಅತ್ತಿನ್ನೂ ಕರಸ್ತೀನಿ."

೨. ಚಹಾಪುಡಿ

ಅಂತೂ ಸಾಲಾ ಸಿಕ್ತು. ಗಿರಣಿ ನಡಸೂದು ಕಲಿಯಾಕ ಅಧ್ಯಕ್ಷೆ ಮೂರು ದಿನ ದೌಂಡಕ್ಕ ಹೋದ್ಳು. ಅಕಿ ಗಂಡ ಫೋನ್ ಹಚ್ಚಿದ್ದ ಹಚ್ಚಿದ್ದು. "ಚಹಾಪುಡಿ ಎಲ್ಲಿ ಅದ?" ಹದಿನೈದು ವರ್ಷ ಅದ ಮನ್ಯಾಗ ಚಹಾ ಕುಡದಾರ, ಪುಣ್ಯಾತ್ಮರು. ಗಿರಣಿ ಕಲಿಸೋ ಹೆಣ್ಣಮಗಳ ಕಡೀಕ ಫೋನ್ ಇಸಗೊಂಡು ಅಂದ್ಳು: "ಅಣ್ಣಾ, ಮುಂದಿನ ತರಬೇತಿಗೆ ನೀವ ಬರ್ರಿ."

೩. ಮಾಲಕರು

ಉದ್ಘಾಟನೆ ದಿನ ಹೋಗಿ ನೋಡಿದ್ರ ಗಿರಣಿ ಬಾಗಲ ಮ್ಯಾಲ ಹೊಸಾ ಬೋರ್ಡು. 'ಮಾಲಕರು' ಅಂತ ಬರದು, ಅಧ್ಯಕ್ಷೆಯ ಅದ ಗಂಡನ ಹೆಸರು. ಅವರೂ ಹಣಿಗೆ ಕುಂಕುಮ ಹಚಗೊಂಡು ಕುರ್ಚಿ ಮ್ಯಾಲ ಕುಂತಾರ. ನನಗ ಮೈಯೆಲ್ಲಾ ಉರೀತು. ಸಹಿ ಹಾಕಿದವರು ನಾವು, ಬ್ಯಾಂಕಿಗೆ ಅಡ್ಡಾಡಿ ಚಪ್ಪಲಿ ಹರಕೊಂಡವರು ನಾವು.

"ಇದೇನ್ರಿ?" ಅಂದೆ.

"ಹೆಣ್ಣಮಕ್ಕಳ ಹೆಸರಿದ್ರ ಗಿರಾಕಿ ಬರೂದಿಲ್ರಿ ಅಕ್ಕಾರ."

ಇವತ್ತು ಸುಮ್ಮನಿದ್ರ ಗಿರಣಿ ನಮ್ಮ ಕೈ ಬಿಟ್ಹಂಗ. ಆದ್ರ ಅಧ್ಯಕ್ಷೆ ಜಗಳಾ ತಗೀಲಿಲ್ಲ. ಗಿರಾಕಿ ಸಾಲು ಹಚ್ಚಿದ್ರು. ಅದರಾಗ ಜ್ವಾಳದ ಡಬ್ಬಿ ಹಿಡಕೊಂಡು ತಾನೂ ನಿಂತ್ಳು. ಉಳದವರು ಅಕಿ ಹಿಂದ ನಿಂತಿವಿ.

"ಬೀಸ್ರಿ ಮಾಲಕ್ರ," ಅಂದ್ಳು.

ಅವರು ಬಟನ್ ಒತ್ತಿದ್ರು. ಕಲ್ಲು ಸಡಿಲ ಮಾಡಿ ಚಾಲೂ ಮಾಡಬೇಕು ಅನ್ನೂದು ಅವರಿಗೆಲ್ಲಿ ಗೊತ್ತು? ಗಿರಣಿ ಗುರ್ ಅಂದು ನಿಂತ್ತು. ಮತ್ತ ಒತ್ತಿದ್ರು, ಮತ್ತ ಗುರ್. ಸಾಲಿನಾಗಿನ ಮುದುಕಿಯೊಬ್ಬಾಕಿ ಮರಾಠಿ ಒಳಗ ಬೈಯಾಕ ಸುರು ಮಾಡಿದ್ಳು. ಅರ್ಧ ತಾಸಿನಾಗ ಮಾಲಕ್ರು ತಾವ ಬೋರ್ಡು ಇಳಿಸಿದ್ರು.

"ನನ್ನ ಹೆಸರು ಅಳಸ್ತೀನಿ ಮಾರಾಯ್ತಿ, ನೀ ಚಾಲೂ ಮಾಡು."

"ಹೆಸರು ಇರ್ಲಿ ಬಿಡ್ರಿ," ಅಂದ್ಳು ಅಧ್ಯಕ್ಷೆ. "ಮಾಲಕರು ಅನ್ನೂದಷ್ಟ ಅಳಿಸಿ, ಕಸಾ ಹೊಡಿಯಾವ್ರು ಅಂತ ಬರೀರಿ. ಅದೊಂದ ಜಾಗಾ ಖಾಲಿ ಅದ."