ಮುನ್ನಿಯ ವಂಶಾವಳಿ

ಭಾಲ್ಕಿಯ ಜಾನುವಾರು ಪ್ರದರ್ಶನದಲ್ಲಿ ಈ ಸಲ ಕುದುರೆಗಳಿಗೂ ಸ್ಪರ್ಧೆ ಇದೆ ಎಂದು ಪೇಪರಿನಲ್ಲಿ ಓದಿದ ದಿನವೇ ಶಪಥ ಮಾಡಿಬಿಟ್ಟೆ. ಮೊದಲ ಬಹುಮಾನ ಬೀದರಿಗೆ ಬರಬೇಕು, ಬೀದರಿನಲ್ಲಿ ಮೈಲೂರಿಗೆ, ಮೈಲೂರಿನಲ್ಲಿ ಹಾವಗೆಪ್ಪನ ಮನೆಗೆ, ಅಂದರೆ ನನ್ನ ಮನೆಗೆ! ಮನೆಯಲ್ಲಿ ಕುದುರೆ ಇರಲಿಲ್ಲ. ಕುದುರೆಯ ವಿಷಯದಲ್ಲಿ ನನಗೆ ಗೊತ್ತಿದ್ದದ್ದೂ ಒಂದೇ ಸಂಗತಿ: ಅದರ ಹಿಂದೆ ನಿಲ್ಲಬಾರದು. ಆದರೇನಂತೆ, ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತೊಗರಿ ವ್ಯಾಪಾರ ಮಾಡಿದವನು ನಾನು. ಮುಷ್ಟಿಯಲ್ಲಿ ಕಾಳು ಹಿಡಿದರೆ ಯಾವ ಊರಿನ ಹೊಲದ್ದು ಎಂದು ಹೇಳುವವನಿಗೆ ಕುದುರೆ ಯಾವ ಗಿಡದ ತಪ್ಪಲು!

ಔರಾದಿಗೆ ಹೋದೆ. ಅಲ್ಲಿ ಜುಲ್ಫೀಕಾರ ಎಂಬ ಹಿರಿಯರ ಬಳಿ ಒಂದು ತಟ್ಟು ಇತ್ತು. ಗಿಡ್ಡ ಹೆಣ್ಣು ಕುದುರೆ, ಕಂದು ಬಣ್ಣ, ಹೆಸರು ಮುನ್ನಿ. ಆಟೋಗಳು ಹೆಚ್ಚಾಗಿ ಅವರ ಟಾಂಗಾ ನಿಂತಿತ್ತು, ಮೊಣಕಾಲು ನೋವಿನಿಂದ ಮೇವು ತರುವುದೂ ಆಗುತ್ತಿರಲಿಲ್ಲ. ಒಳ್ಳೆಯ ಮನೆ ಸಿಕ್ಕರೆ ಕೊಡುತ್ತೇನೆ ಎಂದರು. ಹೆಣ್ಣು ಕೊಡುವವರಂತೆ ನಮ್ಮ ಅಂಗಳ, ನೀರು, ನನ್ನ ಹೆಂಡತಿಯ ಸ್ವಭಾವ ಎಲ್ಲ ವಿಚಾರಿಸಿಕೊಂಡರು. ನಾನು ಕೇಳಿದ್ದು ತಳಿ ಯಾವುದು ಎಂದಷ್ಟೇ.

“ಖರೇ ಹೇಳ್ತೇನ್ರಿ ಸಾವಕಾರ್ರ, ಗೊತ್ತಿಲ್ರಿ. ಸಂತ್ಯಾಗ ಮರಿ ಇದ್ದಾಗ ತಂದೀನಿ. ಅವ್ವ ಯಾರೋ, ಅಪ್ಪ ಯಾರೋ.”

ಇಲ್ಲಿ ನನ್ನ ಇನ್ನೊಂದು ಅವತಾರವನ್ನು ಹೇಳಲೇಬೇಕು. ಪ್ರತಿ ಭಾನುವಾರ ನಮ್ಮ ಓಣಿಯ ಬಸವ ಮಂಟಪದಲ್ಲಿ ಪ್ರಾರ್ಥನೆಯ ನಂತರ ಮಾತಾಡುವವನು ನಾನೇ. ಯಾರಿಗೂ ಜಾತಿ ಕೇಳಬಾರದು, ಕುಲ ಕೇಳಬಾರದು ಎಂಬ ವಿಷಯದ ಮೇಲೆ ನಲವತ್ತು ನಿಮಿಷ, ಚೀಟಿ ನೋಡದೆ! ಅದೇ ಗತ್ತಿನಲ್ಲಿ ಜುಲ್ಫೀಕಾರರ ಹೆಗಲ ಮೇಲೆ ಕೈ ಇಟ್ಟು, “ಕುಲ ಯಾರಿಗಿ ಬೇಕಾಗ್ಯದ್ರಿ, ಗುಣ ಇದ್ರ ಸಾಕು” ಎಂದೆ. ಅವರ ಕಣ್ಣು ತುಂಬಿತು. ಪ್ರದರ್ಶನದ ದಿನ ಬಂದು ಮುನ್ನಿಯನ್ನು ಒಮ್ಮೆ ನೋಡಬಹುದೇ ಎಂದು ಕೇಳಿದರು. ಮುಂದಿನ ಸಾಲಿನ ಕುರ್ಚಿಯೇ ನಿಮ್ಮದು ಎಂದು ಮಾತು ಕೊಟ್ಟೆ.

ಮುನ್ನಿ ಮನೆಗೆ ಬಂದಳು. ಮೊದಲ ದಿನ ನನ್ನ ಹೆಂಡತಿ ದಾನಮ್ಮ ಒಣಹಾಕಿದ್ದ ಸಂಡಿಗೆ ತಿಂದಳು, ಎರಡನೆಯ ದಿನ ನನ್ನ ಧೋತರದ ಅಂಚು. ಮೂರನೆಯ ದಿನದಿಂದ ದಾನಮ್ಮನೇ ಅವಳಿಗೆ ಕಡಲೆ ನೆನೆಹಾಕತೊಡಗಿದಳು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಒಮ್ಮೆಯೂ ಅಷ್ಟು ಅಕ್ಕರೆಯಿಂದ ಕಡಲೆ ನೆನೆದಿರಲಿಲ್ಲ. ಬೆಳಗ್ಗೆ ಓಣಿಯಲ್ಲಿ ನಡಿಗೆಯ ತಾಲೀಮು. ಹಗ್ಗ ನನ್ನ ಕೈಯಲ್ಲೇ ಇರುತ್ತಿತ್ತು. ಯಾರು ಯಾರನ್ನು ನಡೆಸುತ್ತಿದ್ದಾರೆ ಎಂಬುದು ಮಾತ್ರ ನೆರೆಹೊರೆಯವರಿಗೆ ಸ್ಪಷ್ಟವಾಗಲಿಲ್ಲ.

ಕೆಟ್ಟದ್ದು ಅರ್ಜಿ ತುಂಬುವಾಗ. ‘ತಳಿ’ ಎಂಬಲ್ಲಿ ಪೆನ್ನು ನಿಂತಿತು. ಗೊತ್ತಿಲ್ಲ ಎಂದು ಬರೆಯುವುದೇ? ಗಂಜಿನ ನಾಲ್ಕು ಮಂದಿ ನೋಡಿದರೆ ಏನಂದಾರು? ಕಣ್ಣ ಮುಂದೆ ನಮ್ಮೂರ ಕೋಟೆ ಬಂತು. ಬರೆದೇಬಿಟ್ಟೆ: ‘ಅರಬ್ಬಿ. ಬಹಮನಿ ಸುಲ್ತಾನರ ಲಾಯದ ವಂಶ. ತಂದೆ ಬಾದಶಹಾ, ತಾಯಿ ಬೇಗಂ.’ ಮುನ್ನಿ ಎಂಬ ಹೆಸರನ್ನು ಹೊಡೆದು ‘ಮಲಿಕಾ-ಎ-ಬೀದರ’ ಮಾಡಿದೆ. ಹಾಳೆಯ ಕೆಳಗೆ ‘ಹಿಂದಿನ ಪುಟ ನೋಡಿ’ ಎಂದಿತ್ತು. ಇಷ್ಟು ದೊಡ್ಡ ವಂಶ ಕಟ್ಟಿದವನು ಹಿಂದಿನ ಪುಟ ಯಾಕೆ ನೋಡಲಿ? ನೋಡಲಿಲ್ಲ.

ದಾನಮ್ಮ ಅರ್ಜಿ ಓದಿದಳು.

“ಮಂದಿಗಿ ಜಾತಿ ಕೇಳಬ್ಯಾಡ್ರಿ ಅಂತೀರಿ. ಕುದುರಿಗಿ ಮಾತ್ರ ಸುಳ್ಳು ಜಾತಿ ಕಟ್ಟೀರಲ್ರಿ.”

“ಅದು ಮಂಟಪ, ಇದು ಪ್ರದರ್ಶನ. ನಿನಗ ತಿಳ್ಯಾಂಗಿಲ್ಲ.”

ತಿಳಿಯದಿದ್ದವನು ಯಾರೆಂಬುದು ಭಾಲ್ಕಿಯಲ್ಲಿ ಗೊತ್ತಾಯಿತು. ನನ್ನ ತಲೆಗೆ ರುಮಾಲು, ಮುನ್ನಿಯ ಮೈಗೆ ಜರಿ ಶಾಲು ಹೊದಿಸಿ ಟೆಂಪೋದಿಂದ ಇಳಿಸಿದೆ. ದಾನಮ್ಮನೂ ಜೊತೆಗಿದ್ದಳು. ತೀರ್ಪುಗಾರರು ಪಶುವೈದ್ಯೆ ಇವಾಂಜಲಿನ ಮೇಡಂ. ಅಳತೆಕೋಲು ಹಿಡಿದು ಎತ್ತರ ನೋಡಿದರು, ಅರ್ಜಿ ನೋಡಿದರು, ಮತ್ತೆ ಎತ್ತರ ನೋಡಿದರು.

“ಬಹಮನಿ ಸುಲ್ತಾನರು ಭಾಳ ಗಿಡ್ಡ ಇದ್ರೇನ್ರಿ?”

ನಾನು ಭಾಷಣ ಶುರುಮಾಡಿದೆ. ಅರಬಸ್ತಾನದಲ್ಲಿ ಮುನ್ನಿಯ ಮುತ್ತಜ್ಜನನ್ನು ಹಡಗು ಹತ್ತಿಸಿದೆ. ಹಡಗು ನಡು ಸಮುದ್ರದಲ್ಲಿದ್ದಾಗ ಹಿಂದಿನಿಂದ “ಮುನ್ನಿ” ಎಂದು ಒಂದು ದನಿ ಕೇಳಿತು.

ಜುಲ್ಫೀಕಾರ! ಇಸ್ತ್ರಿ ಮಾಡಿದ ಬಿಳಿ ಕುರ್ತಾ, ಕೈಯಲ್ಲಿ ಬೆಲ್ಲದ ಪೊಟ್ಟಣ. ಮುನ್ನಿಯ ಕಿವಿ ನೆಟ್ಟಗಾಯಿತು. ಈ ಹಿರಿಯರು ಯಾರು, ಕುದುರೆ ಗುರುತು ಹಿಡಿದಂತಿದೆಯಲ್ಲ ಎಂದು ಮೇಡಂ ನನ್ನನ್ನೇ ಕೇಳಿದರು. ನಿಜ ಹೇಳಿದರೆ ಬಾದಶಹಾ, ಬೇಗಂ, ಹಡಗು ಎಲ್ಲ ಮುಳುಗುತ್ತವೆ. ಮುಳುಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇವತ್ತಿಗೂ ಮರುಗುತ್ತೇನೆ.

“ಗೊತ್ತಿಲ್ರಿ” ಎಂದೆ. “ಯಾರೋ ಏನೋ.”

ಜುಲ್ಫೀಕಾರ ನನ್ನ ಮುಖ ನೋಡಿದರು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. “ಹೌದ್ರಿ ಮೇಡಂ, ನಾ ಸುಮ್ನ ನೋಡ್ಲಿಕ್ಕ ಬಂದೀನಿ” ಎಂದು ನನ್ನ ಮಾನ ಕಾಯ್ದರು. ಬೆಲ್ಲದ ಪೊಟ್ಟಣವನ್ನು ಜೇಬಿಗಿಟ್ಟುಕೊಂಡು ಕುಂಟುತ್ತ ಹೊರಟರು. ಮುಂದಿನ ಸಾಲಿನ ಕುರ್ಚಿ ಖಾಲಿ ಇತ್ತು.

ಅವರು ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಮರೆಯಾದ ಮೇಲೆ ಮಲಿಕಾ-ಎ-ಬೀದರ ಹಗ್ಗ ಕಿತ್ತಳು. ಶಾಲು ಒಂದು ಕಡೆ, ನನ್ನ ರುಮಾಲು ಒಂದು ಕಡೆ! ದೇವಣಿ ಹೋರಿಗಳ ಸಾಲು ಸೀಳಿಕೊಂಡು ಓಡಿದಳು. ಜುಲ್ಫೀಕಾರರ ಹಿಂದೆ ಮುನ್ನಿ, ಮುನ್ನಿಯ ಹಿಂದೆ ನಾನು, ನನ್ನ ಹಿಂದೆ ದಾನಮ್ಮ. ಕುದುರೆಯ ಬಗ್ಗೆ ಗೊತ್ತಿದ್ದ ಆ ಒಂದು ಸಂಗತಿಯನ್ನೂ ಮರೆತು ಬಸ್‌ಸ್ಟ್ಯಾಂಡಿನ ತನಕ ಓಡಿದೆ. ನಾವು ಮುಟ್ಟುವ ಹೊತ್ತಿಗೆ ಜುಲ್ಫೀಕಾರ ಔರಾದ ಬಸ್ಸು ಹತ್ತಿದ್ದರು, ಮುನ್ನಿಯ ಮುಂಗಾಲು ಬಸ್ಸಿನ ಮೆಟ್ಟಿಲ ಮೇಲಿತ್ತು.

“ಹೆಣ್ಣ ಅದ ಖರೇ,” ಎಂದ ಕಂಡಕ್ಟರ್. “ಆಧಾರ್ ಕಾರ್ಡ್ ಇದ್ರ ಫುಕಟ್ ಕೂಡಸ್ತೇನಿ.”

ಬಸ್ಸೆಲ್ಲ ನಕ್ಕಿತು. ಜುಲ್ಫೀಕಾರ ಇಳಿದು ಬಂದು ಮುನ್ನಿಗೆ ಬೆಲ್ಲ ತಿನ್ನಿಸಿದರು, ಹಣೆ ಸವರಿದರು. ಹಗ್ಗವನ್ನು ದಾನಮ್ಮನ ಕೈಗೆ ಕೊಟ್ಟರು, ನನ್ನ ಕೈಗಲ್ಲ. ತಪ್ಪಾಯಿತು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತ್ತು. ತೆರೆದ ಬಾಯಿಗೆ ಧೂಳು ಬಿತ್ತು.

ಮೈದಾನಕ್ಕೆ ಮರಳಿದಾಗ ಮೇಡಂ ನನ್ನ ಅರ್ಜಿಯ ಹಿಂದಿನ ಪುಟ ತಿರುವಿ ತೋರಿಸಿದರು. ತಳಿ ತಿಳಿಯದ ಕುದುರೆಗಳಿಗೆ ಪ್ರತ್ಯೇಕ ವಿಭಾಗವಿತ್ತು! ತಳಿಯ ಮುಂದೆ ‘ಗೊತ್ತಿಲ್ಲ’ ಎಂದು ಬರೆದರೆ ಸಾಕು. ಆ ವಿಭಾಗಕ್ಕೆ ಒಬ್ಬರೂ ಬಂದಿರಲಿಲ್ಲ. ಬಹುಮಾನದ ಪದಕ ಮೇಜಿನ ಮೇಲೆ ಹಾಗೇ ಇತ್ತು.

ಮನೆಗೆ ಬಂದ ಮೇಲೆ ದಾನಮ್ಮ ಮುನ್ನಿಯನ್ನು ಕಟ್ಟಿ, ಕಡಲೆ ಇಟ್ಟು, ನಾಳೆ ಬೆಳಗ್ಗೆ ಔರಾದಿಗೆ ಹೋಗಿ ಜುಲ್ಫೀಕಾರರ ಕಾಲು ಹಿಡಿಯಿರಿ ಎಂದಳು. ಆಗಲಿ ಎಂದೆ. ಆದರೂ ಬಿದ್ದರೂ ಮೂಗು ಮೇಲೆ ಎನ್ನುವಂತೆ, ‘ಗೊತ್ತಿಲ್ಲ’ ಎಂಬ ಒಂದೇ ಒಂದು ಪದ ಬರೆಯದೆ ಬಹುಮಾನ ಕಳೆದುಕೊಂಡೆನಲ್ಲ ಎಂದು ಗೊಣಗಿದೆ.

“ಆ ಪದ ನಿಮಗ ಬರ್ತಿತ್ತಲ್ರಿ,” ಎಂದಳು. “ಕುದುರಿಗಿ ಅನ್ನಬೇಕಿತ್ತು, ಮನಷ್ಯಾಗ ಅಂದ್ರಿ.”