ಗೊಟ್ಟಿಗೆರೆ ಅಕ್ಕನ ಮೂರು ಕ್ರೆಡಿಟ್

ಮನುಷ್ಯರ ಯೋಗ್ಯತೆ ಅಳೆಯುವ ಕೆಲಸವನ್ನು ಭಗವಂತ ಪೂರ್ತಿ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನಿಗೆ ಏನು ತೋಚಿತೋ, ಅದರಲ್ಲಿ ಒಂದು ಪಾಲನ್ನು ನಮ್ಮಂಥ ಮೇಷ್ಟ್ರುಗಳಿಗೆ ಬಿಟ್ಟುಕೊಟ್ಟ. ಅಂದಿನಿಂದ ಇಂಥ ಪ್ರಸಂಗಗಳಿಗೆ ಬಿಡುವೇ ಇಲ್ಲ.

ನಾನು ಇತಿಹಾಸದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಬನಶಂಕರಿಯ ಮನೆಯಲ್ಲಿ ಪೂಜೆ, ಪಾರಾಯಣ ಅಂತ ಇದ್ದುಬಿಡೋಣ ಅಂದುಕೊಂಡಿದ್ದೆ. ಜಯನಗರದ ಒಂದು ಕಾಲೇಜಿನವರು ಕರೆದು ‘ಕ್ರೆಡಿಟ್ ಪರೀಕ್ಷೆ’ಯ ಉಸ್ತುವಾರಿ ವಹಿಸಿದರು. ತರಗತಿಗೆ ಬರಬೇಕಾಗಿಲ್ಲ. ವಿಷಯ ಮೊದಲೇ ಗೊತ್ತಿದ್ದರೆ ನೇರವಾಗಿ ಪರೀಕ್ಷೆ ಬರೆಯಬಹುದು. ಪಾಸಾದರೆ ಆ ವಿಷಯದ ಕ್ರೆಡಿಟ್ ಪದವಿಗೆ ಸೇರುತ್ತದೆ. ಹೇಳುವುದಕ್ಕೆ ಮೋಕ್ಷದಷ್ಟೇ ಸುಲಭ.

೧. ಪಾಠವಿಲ್ಲದ ಪರೀಕ್ಷೆ

ಅರ್ಜಿ ಕೊಡುವ ಮೊದಲ ದಿನವೇ ಗೊಟ್ಟಿಗೆರೆಯಿಂದ ಒಬ್ಬ ಹೆಂಗಸು ಬಂದರು. ನಲವತ್ತು ದಾಟಿದ ವಯಸ್ಸು. ಹಿಂದೆ ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳು ಬೆಳೆದಿದ್ದವು. ವಾರದೊಳಗೆ ಕಾಲೇಜಿಗೆಲ್ಲ ಅವರು ‘ಅಕ್ಕ’ ಆಗಿಬಿಟ್ಟರು.

ಅಕ್ಕ ಮದುವೆಯಾಗಿ ಡಿಗ್ರಿ ಅರ್ಧಕ್ಕೆ ಬಿಟ್ಟವರು. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಸೇರಿ, ಒಂದೊಂದೇ ವಿಷಯ ಮುಗಿಸಿದ್ದರು. ಉಳಿದಿದ್ದು ಇತಿಹಾಸ ಒಂದೇ, ಮೂರು ಕ್ರೆಡಿಟ್. ಆದರೆ ಅವರಿಗೆ ಕೊಟ್ಟಿದ್ದ ಅವಧಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಹಿಂದೆ ಗಳಿಸಿದ್ದೆಲ್ಲ ನೀರಲ್ಲಿ ಮಾಡಿದ ಹೋಮ. ಅತ್ತ ಬಿ.ಎಡ್. ಕಾಲೇಜಿನವರು, ಡಿಗ್ರಿ ತಂದು ತೋರಿಸಿದರೆ ಸೀಟು, ಇಲ್ಲದಿದ್ದರೆ ಇಲ್ಲ ಅಂದಿದ್ದರು.

“ಟೀಚರ್ ಆಗ್ಬೇಕು ಸಾರ್, ಅಷ್ಟೇ ಆಸೆ. ನಲವತ್ತರೊಳಗೆ ಆಗ್ತೀನಿ ಅಂತಿದ್ದೆ. ಈಗ ಅದನ್ನ ಐವತ್ತಕ್ಕೆ ಮುಂದಕ್ಕೆ ಹಾಕಿದೀನಿ,” ಅಂದರು. ಆಮೇಲೆ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: “ಇದಕ್ಕೆ ಕ್ಲಾಸ್ ಇರಲ್ವಾ?”

“ಇಲ್ಲಮ್ಮ.”

“ಮೇಷ್ಟ್ರು?”

“ಮೇಷ್ಟ್ರೂ ಇರೋದಿಲ್ಲ.”

“ಹಂಗಾದ್ರೆ ಪಾಸಾಗ್ತೀನಿ ಬಿಡಿ ಸಾರ್. ಅಡ್ಡ ಬರೋರು ಯಾರೂ ಇಲ್ಲ.”

೨. ಹೆಸರಿನ ಬೆಲೆ

ನಿಜವಾದ ಪರೀಕ್ಷೆಗೆ ಮುಂಚೆ ಒಂದು ಮಾದರಿ ಪರೀಕ್ಷೆ ಇಟ್ಟಿದ್ದೆವು. ಇದರಲ್ಲಿ ಸರಿ ಉತ್ತರ ಇಷ್ಟು ಅಂತ ನೇರವಾಗಿ ಹೇಳುವುದಿಲ್ಲ. ಒಂದು ಸಲದ ಪ್ರಶ್ನೆಪತ್ರಿಕೆ ಕಷ್ಟವಿದ್ದು, ಇನ್ನೊಂದು ಸಲದ್ದು ಸುಲಭವಿದ್ದರೆ ಅನ್ಯಾಯವಾಗಬಾರದಲ್ಲ? ಅದಕ್ಕೆ ಬಂದದ್ದನ್ನು ಇಪ್ಪತ್ತರಿಂದ ಎಂಬತ್ತರವರೆಗಿನ ಒಂದು ಅಳತೆಗೆ ಹೊಂದಿಸುತ್ತಾರೆ. ಐವತ್ತು ಬಂದರೆ ಪಾಸು. ಅಳತೆ ಶುರುವಾಗುವುದೇ ಇಪ್ಪತ್ತರಿಂದ ಆದ್ದರಿಂದ ಏನೂ ಬರೆಯದವರಿಗೂ ಇಪ್ಪತ್ತು ಬರುತ್ತದೆ.

ಅಕ್ಕನಿಗೆ ನಲವತ್ತನಾಲ್ಕು ಬಂತು. ಮುಖ ಬಾಡಿತು. ಅವರ ಪಕ್ಕದಲ್ಲಿ ಕೂತಿದ್ದವನು ಬಿಟಿಎಂ ಲೇಔಟಿನ ಜಿಮ್ ಮಾಲೀಕ. ಅವನಿಗೆ ಬಂದಿದ್ದು ಇಪ್ಪತ್ತು. ಅವನ ಮುಖ ಮಾತ್ರ ಅರಳಿತ್ತು.

“ಸಾರ್, ನಾನು ಹೆಸರು ಬರೆದು ಎದ್ದು ಬಂದಿದ್ದೆ. ಬೇರೆ ಏನೂ ಬರೆದಿಲ್ಲ. ಅದಕ್ಕೇ ಇಪ್ಪತ್ತಾ?”

“ಅದು ಹಾಗಲ್ಲಪ್ಪ…”

“ಛೆ, ಮೊದಲೇ ಹೇಳಬಾರ್ದಾ ಗುರುಗಳೇ! ಅಪ್ಪನ ಹೆಸರು, ತಾತನ ಹೆಸರು ಎರಡೂ ಬರೆದಿದ್ರೆ ಪಾಸೇ ಆಗಿಬಿಡ್ತಿದ್ದೆ.”

೩. ಅಮ್ಮನವರ ಎರಡು ಭುಜ

ಅಕ್ಕನ ಹಾಳೆ ತೆಗೆದು ನೋಡಿದೆ. ಹನ್ನೆರಡು ಪ್ರಶ್ನೆ ಖಾಲಿ ಬಿಟ್ಟಿದ್ದರು. “ತಪ್ಪಾದರೆ ಇಲ್ಲಿ ಮಾರ್ಕ್ಸ್ ಕಳೆಯೋದಿಲ್ಲಮ್ಮ. ಗೊತ್ತಿಲ್ಲದಿದ್ದರೂ ನಾಲ್ಕು ಉತ್ತರದ ಮುಂದಿರುವ ಸೊನ್ನೆಗಳಲ್ಲಿ ಯಾವುದಾದರೂ ಒಂದನ್ನು ಪೆನ್ನಿನಿಂದ ತುಂಬಿಬಿಡಿ,” ಅಂದೆ.

ಅಕ್ಕ ನನ್ನನ್ನೇ ನೋಡಿದರು. “ಗೊತ್ತಿಲ್ದೆ ಇರೋದನ್ನ ಗೊತ್ತು ಅಂತ ತುಂಬಿದ್ರೆ ಸುಳ್ಳು ಹೇಳಿದಂಗಲ್ವಾ ಸಾರ್? ಹಣೇಲಿ ನಾಮ ಇಟ್ಕೊಂಡು ನೀವೇ ಹಿಂಗಂದ್ರೆ!”

ನನಗೆ ನಿಜಕ್ಕೂ ಚುರುಕ್ ಅಂತು. ನಾನೂ ಆ ದೃಷ್ಟಿಯಿಂದ ಯೋಚಿಸಿರಲಿಲ್ಲ. ಕಣ್ಣುಮುಚ್ಚಿ ಕೈಮುಗಿದು, “ಗೊತ್ತಿದೆ ಅಂತ ತುಂಬಬೇಡಿ ತಾಯಿ. ಗೊತ್ತಿಲ್ಲ, ನೀನೇ ನಡೆಸು ಅಂತ ಭಗವಂತನಿಗೆ ಒಪ್ಪಿಸಿ ತುಂಬಿ. ಅದು ಶರಣಾಗತಿ,” ಅಂದೆ. ಹೇಳಿದ ಮೇಲೆ ನನಗೇ ಸಮಾಧಾನವಾಯಿತು.

ಅಕ್ಕ ಇದನ್ನು ತೀರಾ ಮನಸ್ಸಿಗೆ ತಗೊಂಡರು. ಎರಡು ದಿನ ಬಿಟ್ಟು ಬಂದರು. ಅವರ ಊರಮ್ಮನ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿ. ಕಷ್ಟ ಹೇಳಿಕೊಂಡು ಕೂತರೆ, ಅಮ್ಮನ ಬಲಭುಜದಿಂದ ಹೂವು ಬಿದ್ದರೆ ಹೌದು, ಎಡಭುಜದಿಂದ ಬಿದ್ದರೆ ಬೇಡ. ಗೊತ್ತಿಲ್ಲದ ಹನ್ನೆರಡು ಪ್ರಶ್ನೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರಂತೆ, ಅಭ್ಯಾಸಕ್ಕೆ.

“ಒಂದು ತೊಂದ್ರೆ ಆಯ್ತು ಸಾರ್. ಅಮ್ಮನಿಗೆ ಇರೋದು ಎರಡೇ ಭುಜ. ಪ್ರಶ್ನೆಗೆ ನಾಲ್ಕು ಉತ್ತರ.”

“ಮತ್ತೆ ಏನು ಮಾಡಿದ್ರಿ?”

“ಬಲಕ್ಕೆ ಬಿದ್ರೆ ಎ, ಎಡಕ್ಕೆ ಬಿದ್ರೆ ಬಿ, ಬೀಳ್ದೇ ಇದ್ರೆ ಸಿ.”

“ಡಿ?”

“ಪೂಜಾರಪ್ಪ ‘ಎದ್ದೇಳಮ್ಮ, ಬಾಗಿಲು ಹಾಕ್ಬೇಕು’ ಅಂದ್ರೆ ಡಿ. ಹನ್ನೆರಡರಲ್ಲಿ ಒಂಬತ್ತು ಡಿ ಬಂತು ಸಾರ್.”

೪. ತೀರ್ಥ ಮತ್ತು ಏಕಾದಶಿ

ಪರೀಕ್ಷೆ ನಡೆಯಿತು. ಸೊನ್ನೆ ತುಂಬಿದ ಹಾಳೆಗಳನ್ನು ಯಂತ್ರ ನೋಡಿಕೊಂಡಿತು. ಪ್ರಬಂಧವನ್ನು ಮಾತ್ರ ಮನುಷ್ಯರೇ ಓದಬೇಕು. ಇಬ್ಬರು ಬೇರೆ ಬೇರೆ ಓದಿ, ಹತ್ತಕ್ಕೆ ಇಷ್ಟು ಅಂತ ತಮ್ಮ ತಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಎರಡರ ಸರಾಸರಿ ಲೆಕ್ಕಕ್ಕೆ. ಇಬ್ಬರ ನಡುವೆ ಎರಡಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರು ಓದಿ ಕೊಟ್ಟಿದ್ದೇ ಅಂತಿಮ. ಮೊದಲನೆಯವನು ನಾನು. ಎರಡನೆಯವರು ಬಸವನಗುಡಿಯ ಒಬ್ಬ ಮೇಡಂ, ಬಹಳ ಬಿಗಿ.

ಪ್ರಬಂಧದ ವಿಷಯ ಹಳೆಯ ಕಾಲದ ಕೆರೆಗಳು. ಒಬ್ಬ ಪುಣ್ಯಾತ್ಮ ಬರೆದಿದ್ದ: ‘ಬೆಂಗಳೂರಿನಲ್ಲಿ ಕೆರೆಗಳ ಮುಖ್ಯ ಉಪಯೋಗಗಳು ಮೂರು. ಕುಡಿಯುವ ನೀರು, ವ್ಯವಸಾಯ ಮತ್ತು ಬಡಾವಣೆ.’

ನಾನು ಆರು ಕೊಟ್ಟೆ. ಮೇಡಂ ಎರಡು. “ಸಾರ್, ಇದಕ್ಕೆ ಆರಾ? ನೀವು ಕೊಡ್ತಿರೋದು ಮಾರ್ಕ್ಸ್ ಅಲ್ಲ, ತೀರ್ಥ. ಕೈ ಒಡ್ಡಿದವರಿಗೆಲ್ಲ ಒಂದೊಂದು ಉದ್ಧರಣೆ!”

“ನಿಮ್ಮದು ಏಕಾದಶಿ ಮೇಡಂ,” ಅಂದೆ. “ಅದೂ ನೀರು ಕೂಡ ಇಲ್ಲದ್ದು.”

ಪತ್ರಿಕೆ ಮೂರನೆಯವರಿಗೆ ಹೋಯಿತು. ಅವರು ಒಂಬತ್ತು ಕೊಟ್ಟರು. ಯಾಕೆ ಅಂತ ಕೇಳಿದ್ದಕ್ಕೆ, “ಅವನು ಬರೆದಿದ್ದು ಸತ್ಯ ಸಾರ್. ನಮ್ಮ ಮನೆ ಇರೋದೇ ಅಂಥಾ ಕೆರೆಯಲ್ಲಿ,” ಅಂದರು.

೫. ಗುರುತು

ನಿಜವಾದ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆಯ ಮೇಲೆ ಹೆಸರು ಇರುವಂತಿಲ್ಲ, ಗುಟ್ಟಿನ ನಂಬರು ಮಾತ್ರ. ದೇವರ ಹೆಸರು, ಓಂಕಾರ ಏನೂ ಇರುವಂತಿಲ್ಲ. ಇದ್ದರೆ ಅದು ಓದುವವರಿಗೆ ಮಾಡಿದ ಸನ್ನೆ ಅಂತ ಲೆಕ್ಕ, ಪತ್ರಿಕೆ ರದ್ದು. ಈ ನಿಯಮವನ್ನು ಪರೀಕ್ಷಾರ್ಥಿಗಳಿಗೆ ಓದಿ ಹೇಳುವಾಗೆಲ್ಲ ನಾನು ಒಳಗೊಳಗೇ ಕ್ಷಮೆ ಕೇಳಿಕೊಳ್ಳುತ್ತೇನೆ.

ಒಂದು ಮಧ್ಯಾಹ್ನ ಮೇಡಂ ಒಂದು ಪತ್ರಿಕೆಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಬಂದರು. ಮೊದಲ ಪುಟದ ನೆತ್ತಿಯ ಮೇಲೆ, ನೀಲಿ ಶಾಯಿಯಲ್ಲಿ, ದುಂಡಗೆ ‘ಶ್ರೀ’. ನಂಬರು ಬಿಚ್ಚಿ ನೋಡಿದರೆ ಗೊಟ್ಟಿಗೆರೆ ಅಕ್ಕನದು.

ವಿಚಾರಣೆಗೆ ಕೂತವರು ಮೂವರು: ಪ್ರಿನ್ಸಿಪಾಲರು, ಮೇಡಂ, ನಾನು. ಅಕ್ಕ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದರು.

“ನಾನು ಬರೆದಿಲ್ಲ ಸಾರ್. ನಿಯಮ ಕೇಳಿಸ್ಕೊಂಡಿದ್ದೆ. ದೇವ್ರನ್ನ ಮನಸಲ್ಲಿ ನೆನೆಸ್ಕೊಂಡೆ, ಕೈಯಲ್ಲಿ ಬರೀಲಿಲ್ಲ.”

“ಮತ್ತೆ ಇದು ಎಲ್ಲಿಂದ ಬಂತಮ್ಮ?” ಪ್ರಿನ್ಸಿಪಾಲರು ಕೇಳಿದರು. “ತಾನಾಗೇ ಮೂಡ್ತಾ?”

ಇದ್ದರೂ ಇರಬಹುದು ಅನ್ನಿಸಿ ನನಗೆ ಒಂದು ಗಳಿಗೆ ಮೈ ಝುಮ್ ಅಂತು. ಆಮೇಲೆ ಸಾವರಿಸಿಕೊಂಡು, ಹಿರಿಯನಾಗಿ ನಾಲ್ಕು ಒಳ್ಳೆ ಮಾತು ಹೇಳಿದೆ: “ತಾಯಿ, ತಪ್ಪು ಯಾರಿಂದಲೂ ಆಗುತ್ತೆ. ಒಪ್ಪಿಕೊಂಡುಬಿಡಿ. ದೇವರು ಕ್ಷಮಿಸ್ತಾನೆ.”

“ದೇವ್ರು ಕ್ಷಮಿಸ್ತಾನೆ ಸಾರ್. ಬಿ.ಎಡ್. ಕಾಲೇಜಿನೋರು ಕ್ಷಮಿಸ್ತಾರಾ?” ಅಕ್ಕನ ಕಣ್ಣು ತುಂಬಿತು.

ಪ್ರಿನ್ಸಿಪಾಲರು ನಿಟ್ಟುಸಿರು ಬಿಟ್ಟು, “ನಿಯಮ ನಿಯಮವೇ. ಪತ್ರಿಕೆ ರದ್ದು ಅಂತ ನಡಾವಳಿ ಬರೀರಿ ಸಾರ್,” ಅಂತ ನನ್ನ ಕಡೆ ಒಂದು ಬಿಳಿ ಹಾಳೆ ತಳ್ಳಿದರು.

ನಾನು ಭಾರವಾದ ಮನಸ್ಸಿನಿಂದ ಪೆನ್ನಿನ ಕ್ಯಾಪು ತೆಗೆದೆ. ಹಾಳೆಯನ್ನು ಅಂಗೈಯಿಂದ ಸವರಿದೆ. ಅಕ್ಷರಾಭ್ಯಾಸವಾದ ದಿನದಿಂದ ಯಾವ ಕಾಗದ ಮುಂದೆ ಬಂದರೂ ಮಾಡುವಂತೆ, ನೆತ್ತಿಯ ಮೇಲೆ, ನೀಲಿ ಶಾಯಿಯಲ್ಲಿ, ದುಂಡಗೆ ‘ಶ್ರೀ’ ಬರೆದೆ.

ಅಕ್ಕ ಕತ್ತು ಚಾಚಿ ನೋಡಿದರು. “ಸಾರ್… ನನ್ನ ಪತ್ರಿಕೇಲಿರೋ ‘ಶ್ರೀ’ಗೂ ಹಿಂಗೇ ಬಾಲ ಇದೆ.”

ಮೇಡಂ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. ಆಗ ನನಗೆ ನೆನಪಾಯಿತು. ಕಟ್ಟು ಬಿಚ್ಚಿದ ದಿನ ಎಲ್ಲಕ್ಕಿಂತ ಮೇಲೆ ಇದ್ದದ್ದು ಆ ಪತ್ರಿಕೆ. ಶುಭಕಾರ್ಯ ಅಂತ ಕೈ ತನ್ನ ಕೆಲಸ ತಾನು ಮಾಡಿಬಿಟ್ಟಿತ್ತು.

ಪ್ರಿನ್ಸಿಪಾಲರು ನಿಧಾನವಾಗಿ ನನ್ನ ಕಡೆ ತಿರುಗಿದರು. “ಒಪ್ಪಿಕೊಂಡುಬಿಡಿ ಸಾರ್. ದೇವರು ಕ್ಷಮಿಸ್ತಾನೆ.”

ಒಪ್ಪಿಕೊಂಡೆ. ಅಕ್ಕನ ಪತ್ರಿಕೆ ಉಳಿಯಿತು. ಅದಕ್ಕೆ ನಾನು ಕೊಟ್ಟ ಅಂಕ ರದ್ದಾಗಿ, ನನ್ನ ಬದಲು ಮೂರನೆಯವರು ಓದಿದರು. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಯಾವಾಗ ನೀರು ಬಿಡುವುದು, ಎಲ್ಲವನ್ನೂ ಅಕ್ಕ ಅವರಜ್ಜ ಹೇಳಿದಂತೆ ಬರೆದಿದ್ದರು. ಬಿಗಿ ಮೇಡಂ ಅದಕ್ಕೆ ಎಂಟು ಕೊಟ್ಟಿದ್ದರು. ಮೂರನೆಯವರೂ ಎಂಟೇ ಕೊಟ್ಟರು. ನಾನು ಕೊಟ್ಟಿದ್ದದ್ದು ಎಲ್ಲರಿಗೂ ಕೊಡುವ ಅದೇ ಆರು. ಎಲ್ಲ ಸೇರಿಸಿ ಅಳತೆಗೆ ಹೊಂದಿಸಿದಾಗ ಅಕ್ಕನಿಗೆ ಸರಿಯಾಗಿ ಐವತ್ತು ಬಂತು. ಕುತೂಹಲಕ್ಕೆ ನನ್ನ ಆರನ್ನು ಹಾಕಿ ನೋಡಿದೆವು. ನಲವತ್ತೊಂಬತ್ತು.

ಫಲಿತಾಂಶ ತಗೊಳ್ಳಲು ಬಂದ ಅಕ್ಕನಿಗೆ ಇದನ್ನೆಲ್ಲ ವಿವರಿಸಿ, ಕೈಮುಗಿದು ಹೇಳಿದೆ: “ನೋಡಿದ್ರಾ ತಾಯಿ ಅವನ ಲೀಲೆ! ನನ್ನ ಕೈಯಿಂದ ಆ ‘ಶ್ರೀ’ ಬರೆಸದೇ ಇದ್ದಿದ್ರೆ ನೀವು ಫೇಲು.”

ಅಕ್ಕ ಅಂಕಪಟ್ಟಿಯನ್ನು ಕಣ್ಣಿಗೊತ್ತಿಕೊಂಡು ಬ್ಯಾಗಿಗೆ ಹಾಕಿಕೊಂಡರು.

“ಹೂಂ ಸಾರ್. ನೀವು ಕೊಟ್ಟ ಮಾರ್ಕ್ಸ್ ಕಮ್ಮಿ ಅಂತ ದೇವ್ರಿಗೂ ಅನ್ನಿಸಿದೆ.”